ಕಾರಿನ ಬಣ್ಣ ಚಕ್ಕೆ ಎದ್ದಾಗ: ಮನೆಯಲ್ಲೇ ಮಾಡಬಹುದಾದ ದುರಸ್ತಿ

ಜಲ್ಲಿ ತುಂಬಿಕೊಂಡು ಹೊರಟ ಟಿಪ್ಪರಿನ ಹಿಂದೆ ಹೆದ್ದಾರಿಯಲ್ಲಿ ಸಾಗುವಾಗ ಬಾನೆಟ್ಟಿನ ಮೇಲೆ ‘ಟಣ್’ ಎಂಬ ಸದ್ದು ಕೇಳಿಸುತ್ತದೆ. ಮರುದಿನ ಕಾರು ತೊಳೆಯುವಾಗ ಅಲ್ಲಿ ಸಾಸಿವೆ ಕಾಳಿನಷ್ಟು ಜಾಗದಲ್ಲಿ ಬಣ್ಣ ಹಾರಿಹೋಗಿರುವುದು ಕಣ್ಣಿಗೆ ಬೀಳುತ್ತದೆ. ಇಷ್ಟಕ್ಕೇ ಗ್ಯಾರೇಜಿಗೆ ಹೋದರೆ ಅಲ್ಲಿಯವರು ಸಾಮಾನ್ಯವಾಗಿ ಇಡೀ ಬಾನೆಟ್ಟಿಗೆ ಬಣ್ಣ ಹೊಡೆಯುವ ಮಾತಾಡುತ್ತಾರೆ, ಏಕೆಂದರೆ ಸ್ಪ್ರೇ ಗನ್ನಿನಿಂದ ಸಾಸಿವೆಯಷ್ಟು ಜಾಗಕ್ಕೆ ಮಾತ್ರ ಬಣ್ಣ ಹೊಡೆಯಲು ಬರುವುದಿಲ್ಲ. ವಿಮೆಯಲ್ಲಿ ಮಾಡಿಸೋಣವೆಂದರೆ, ಕ್ಲೇಮು ಮಾಡದ ಮೊದಲ ವರ್ಷಕ್ಕೆ ಶೇ. 20ರಿಂದ ಆರಂಭವಾಗಿ ಐದು ವರ್ಷಕ್ಕೆ ಶೇ. 50ರವರೆಗೆ ಏರುವ ನೋ ಕ್ಲೇಮ್ ಬೋನಸ್ಸು ಸಾಮಾನ್ಯವಾಗಿ ಒಂದೇ ಏಟಿಗೆ ಹೋಗುತ್ತದೆ. ಆದ್ದರಿಂದ ಬಹಳ ಮಂದಿ ಆ ಚಕ್ಕೆಯನ್ನು ಹಾಗೆಯೇ ಬಿಟ್ಟುಬಿಡುತ್ತಾರೆ.

ಹಾಗೆ ಬಿಟ್ಟವರಲ್ಲಿ ನಾನೂ ಒಬ್ಬ. ಕರಾವಳಿಯಲ್ಲಿ ವಾಸವಿದ್ದಾಗ ನಮ್ಮ ಕಾರಿನ ಮುಂಗಾಜಿನ ಮೇಲಂಚಿನಲ್ಲಿ, ಛಾವಣಿಯ ತಗಡು ಆರಂಭವಾಗುವ ಕಡೆ, ಮೇ ತಿಂಗಳಲ್ಲಿ ಒಂದು ಚಿಕ್ಕ ಚಕ್ಕೆ ಎದ್ದಿತ್ತು. ಮಳೆ ಮುಗಿದ ಮೇಲೆ ನೋಡಿದರಾಯಿತು ಎಂದುಕೊಂಡೆ. ಆಯುಧಪೂಜೆಗೆಂದು ಕಾರು ತೊಳೆದು ಒರೆಸುವಾಗ ಆ ಜಾಗದ ಸುತ್ತಲಿನ ಬಣ್ಣ ಹಪ್ಪಳದಂತೆ ಉಬ್ಬಿಕೊಂಡಿತ್ತು; ಉಗುರಿನಿಂದ ಒತ್ತಿದರೆ ಕರಕರನೆ ಒಡೆದು, ಕೆಳಗಿನಿಂದ ಕೆಂಪು ಪುಡಿ ಉದುರಿತು. ಮೇ ತಿಂಗಳಲ್ಲೇ ಒಂದು ಹನಿ ಬಣ್ಣ ಹಾಕಿದ್ದರೆ ನಿಲ್ಲುತ್ತಿದ್ದ ತುಕ್ಕಿಗಾಗಿ ಛಾವಣಿಯ ಮುಂಭಾಗವನ್ನೆಲ್ಲ ತಗಡಿನವರೆಗೆ ಉಜ್ಜಿಸಿ ಮತ್ತೆ ಬಣ್ಣ ಮಾಡಿಸಬೇಕಾಯಿತು. ಅಂದಿನಿಂದ ಈ ಕೆಲಸದ ಬಗ್ಗೆ ನನ್ನ ತಿಳಿವಳಿಕೆ ಇಷ್ಟು: ಚಕ್ಕೆಯನ್ನು ಮುಚ್ಚುವುದರ ಮೊದಲ ಉದ್ದೇಶ ತಗಡಿಗೆ ನೀರು ತಾಗದಂತೆ ನೋಡಿಕೊಳ್ಳುವುದು, ಬಣ್ಣ ಕಣ್ಣಿಗೆ ಕಾಣದಷ್ಟು ಹೊಂದಿಕೊಳ್ಳುವುದು ಅದರ ನಂತರದ ಮಾತು. ಈ ಕ್ರಮ ಮನಸ್ಸಿನಲ್ಲಿದ್ದರೆ ಮುಂದಿನ ಪ್ರತಿಯೊಂದು ಹಂತವನ್ನೂ ಏಕೆ ಮಾಡುತ್ತಿದ್ದೇವೆ ಎಂಬುದು ತಾನಾಗಿಯೇ ತಿಳಿಯುತ್ತದೆ.

ಚಕ್ಕೆ ಎಷ್ಟು ಆಳಕ್ಕೆ ಹೋಗಿದೆ?

ಕಾರ್ಖಾನೆಯಿಂದ ಬರುವ ಕಾರಿನ ಮೈಮೇಲಿನ ಬಣ್ಣವೆಲ್ಲ ಸೇರಿದರೂ ಅದರ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಮಾತ್ರ, ಅಂದರೆ ಹೆಚ್ಚು ಕಡಿಮೆ ನಾವು ಜೆರಾಕ್ಸ್ ಮಾಡಿಸುವ ಒಂದು ಹಾಳೆಯಷ್ಟು. ಅಷ್ಟರಲ್ಲೇ ನಾಲ್ಕು ಪದರಗಳಿರುತ್ತವೆ. ತಗಡಿಗೆ ಅಂಟಿಕೊಂಡು ತುಕ್ಕನ್ನು ತಡೆಯುವ ಮೊದಲ ಪದರವನ್ನು ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ತಿನ ಸಹಾಯದಿಂದ ಕೂರಿಸಿರುತ್ತಾರೆ. ಅದರ ಮೇಲೆ ಬೂದು ಅಥವಾ ಬಿಳಿ ಛಾಯೆಯ ಪ್ರೈಮರ್, ಅದರ ಮೇಲೆ ನಮ್ಮ ಕಣ್ಣಿಗೆ ಕಾಣುವ ಬಣ್ಣದ ತೆಳುವಾದ ಪದರ, ಎಲ್ಲಕ್ಕಿಂತ ಮೇಲೆ ಹೊಳಪು ಕೊಡುವ ಪಾರದರ್ಶಕ ಕ್ಲಿಯರ್ ಕೋಟ್ ಇರುತ್ತದೆ. ಬಿಸಿಲು, ಮಳೆ, ಒರೆಸುವ ಬಟ್ಟೆಯ ಉಜ್ಜಾಟ ಇವನ್ನೆಲ್ಲ ತಾಳಿಕೊಳ್ಳುವುದು ಈ ಕೊನೆಯ ಪದರವೇ. ಕೆಲವು ಕಾರುಗಳಲ್ಲಿ, ಮುಖ್ಯವಾಗಿ ಹಳೆಯ ಬಿಳಿ ಕಾರುಗಳಲ್ಲಿ, ಕ್ಲಿಯರ್ ಕೋಟ್ ಇರದೆ ಬಣ್ಣದ ಪದರವೇ ಹೊಳಪನ್ನೂ ಕೊಡುತ್ತದೆ.

ಬೆಳಗಿನ ಓರೆ ಬಿಸಿಲಿನಲ್ಲಿ, ಸಾಧ್ಯವಾದರೆ ಒಂದು ಭೂತಗನ್ನಡಿ ಹಿಡಿದು, ಚಕ್ಕೆಯ ತಳವನ್ನು ನೋಡಬೇಕು. ತಳದಲ್ಲಿ ಕಾರಿನದೇ ಬಣ್ಣವಿದ್ದು ಉಗುರು ಆಡಿಸಿದರೆ ಅಷ್ಟಾಗಿ ತಡೆಯದಿದ್ದರೆ ಪೆಟ್ಟು ಕ್ಲಿಯರ್ ಕೋಟಿನಲ್ಲೇ ನಿಂತಿದೆ. ಬೂದು ಬಣ್ಣ ಕಂಡರೆ ಪ್ರೈಮರ್ ಇನ್ನೂ ಉಳಿದಿದೆ, ಅವಸರವಿಲ್ಲ. ತಗಡಿನ ಹೊಳಪು ಕಂಡರೆ ಆ ವಾರದಲ್ಲೇ ಮುಚ್ಚಬೇಕು. ಕಂದು ಕಲೆ ಕಂಡರೆ ತುಕ್ಕು ಆಗಲೇ ಕೆಲಸ ಆರಂಭಿಸಿದೆ ಎಂದರ್ಥ. ಬಂಪರ್ ಪ್ಲಾಸ್ಟಿಕ್ಕಿನದಾದ್ದರಿಂದ ಅದಕ್ಕೆ ತುಕ್ಕಿನ ಭಯವಿಲ್ಲ. ಅಲ್ಲಿಯ ಚಕ್ಕೆಯನ್ನು ಅಂದಕ್ಕಾಗಿ ಮುಚ್ಚಬೇಕೇ ಹೊರತು ಆತುರಪಡಬೇಕಾಗಿಲ್ಲ. ಯಾವ ಭಾಗ ಕಬ್ಬಿಣದ ತಗಡಿನದು ಎಂಬ ಅನುಮಾನ ಬಂದರೆ ಫ್ರಿಜ್ಜಿಗೆ ಅಂಟಿಸುವ ಆಯಸ್ಕಾಂತವನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಹಿಡಿದರೆ ಗೊತ್ತಾಗುತ್ತದೆ.

ಕಡಲೆಕಾಳಿಗಿಂತ ದೊಡ್ಡದಾದ ಚಕ್ಕೆ, ತಗಡು ಒಳಕ್ಕೆ ಕುಳಿತ ಜಾಗ, ಬಣ್ಣ ಗುಳ್ಳೆಯೆದ್ದ ಜಾಗ, ಇವು ಮನೆಯ ಕೆಲಸವಲ್ಲ. ಅದರಲ್ಲೂ ಗುಳ್ಳೆ ಎದ್ದಿದ್ದರೆ ಕಣ್ಣಿಗೆ ಕಾಣುವುದಕ್ಕಿಂತ ಹೆಚ್ಚು ಅಗಲಕ್ಕೆ ತುಕ್ಕು ಒಳಗೊಳಗೇ ಹರಡಿರುತ್ತದೆ. ಅದರ ಮೇಲೆ ಬಣ್ಣ ಹಚ್ಚುವುದು ಹುಣ್ಣನ್ನು ತೊಳೆಯದೆ ಪಟ್ಟಿ ಕಟ್ಟಿದಂತೆ. ಅದನ್ನು ಟಿಂಕರಿಂಗ್ ಮತ್ತು ಪೇಂಟಿಂಗ್ ಬಲ್ಲವರಿಗೇ ಒಪ್ಪಿಸಬೇಕು.

ಬಣ್ಣವನ್ನು ಹುಡುಕುವುದು

‘ಬಿಳಿ ಬಣ್ಣ ಕೊಡಿ’ ಎಂದು ಕೇಳಿ ತಂದ ಬಣ್ಣ ಕಾರಿನ ಬಿಳಿಗೆ ಹೊಂದುವುದು ಅದೃಷ್ಟದ ಮಾತು. ಪ್ರತಿಯೊಂದು ಬಣ್ಣಕ್ಕೂ ತಯಾರಕರು ಒಂದು ಸಂಕೇತ ಕೊಟ್ಟಿರುತ್ತಾರೆ. ಉದಾಹರಣೆಗೆ ಮಾರುತಿ ಸುಜುಕಿಯ ಸುಪೀರಿಯರ್ ವೈಟ್ ಬಣ್ಣದ ಸಂಕೇತ 26ಯು, ಸಿಲ್ಕಿ ಸಿಲ್ವರ್ ಬಣ್ಣದ್ದು ಜೆಡ್2ಎಸ್. ಈ ಸಂಕೇತ ಚಾಲಕನ ಬಾಗಿಲು ತೆರೆದಾಗ ಕಾಣುವ ಕಂಬದ ಮೇಲಿನ ಸ್ಟಿಕರಿನಲ್ಲೋ, ಬಾನೆಟ್ಟಿನ ಕೆಳಗೆ ರಿವೆಟ್ ಹೊಡೆದ ಪುಟ್ಟ ತಗಡಿನ ಮೇಲೋ ಇರುತ್ತದೆ. ಕಂಪನಿಯಿಂದ ಕಂಪನಿಗೆ ಜಾಗ ಬೇರೆ. ಆರ್‌ಸಿಯಲ್ಲಿ ಬರೆದಿರುವುದು ಬಣ್ಣದ ಹೆಸರು ಮಾತ್ರವಾದ್ದರಿಂದ ಅದನ್ನು ನಂಬಿ ಅಂಗಡಿಗೆ ಹೋಗಬಾರದು. ಕಾಣದಿದ್ದರೆ ಕಂಪನಿಯ ಸರ್ವಿಸ್ ಸೆಂಟರಿನ ಬಿಡಿಭಾಗಗಳ ಕೌಂಟರಿನಲ್ಲಿ ಚಾಸಿ ನಂಬರು ಕೊಟ್ಟು ವಿಚಾರಿಸಬಹುದು.

ಆ ಸಂಕೇತಕ್ಕೆ ಸರಿಹೊಂದುವ ಟಚ್ ಅಪ್ ಪೆನ್ ಅಥವಾ ಮುಚ್ಚಳಕ್ಕೇ ಬ್ರಷ್ ಇರುವ ಪುಟ್ಟ ಬಾಟಲಿ ಕೆಲವು ಕಂಪನಿಗಳ ಶೋರೂಮುಗಳಲ್ಲಿಯೂ ಆನ್‌ಲೈನಿನಲ್ಲಿಯೂ ಸಿಗುತ್ತದೆ. ಸಿಗದಿದ್ದರೆ, ಬೆಂಗಳೂರಿನ ಜೆ.ಸಿ. ರಸ್ತೆಯಂತೆ ವಾಹನಗಳ ಬಿಡಿಭಾಗದ ಅಂಗಡಿಗಳು ಸಾಲಾಗಿರುವ ಕಡೆ ಹೋಗಿ, ಸಂಕೇತ ನೋಡಿ ತೂಕದ ಲೆಕ್ಕದಲ್ಲಿ ಬಣ್ಣ ಬೆರೆಸಿಕೊಡುವ ಪೇಂಟ್ ಅಂಗಡಿಯನ್ನು ವಿಚಾರಿಸಬೇಕು. ಅಲ್ಲಿ ಕೊಳ್ಳುವಾಗ ಒಂದು ಪ್ರಶ್ನೆ ಕೇಳುವುದನ್ನು ಮರೆಯಬಾರದು: ಇದಕ್ಕೆ ಹಾರ್ಡನರ್ ಬೆರೆಸಬೇಕೇ? ಗ್ಯಾರೇಜುಗಳು ಬಳಸುವ ಪಿಯು (ಪಾಲಿಯುರೆಥೇನ್) ಬಣ್ಣಗಳಿಗೆ ಹಾರ್ಡನರ್ ಬೆರೆಸದಿದ್ದರೆ ಅವು ಸರಿಯಾಗಿ ಗಟ್ಟಿಯಾಗುವುದಿಲ್ಲ, ಬೆರೆಸಿದರೆ ಕೆಲವೇ ಗಂಟೆಗಳಲ್ಲಿ ಡಬ್ಬಿಯಲ್ಲೇ ಗಟ್ಟಿಯಾಗುತ್ತವೆ; ಮೇಲಾಗಿ ಹಾರ್ಡನರಿನಲ್ಲಿರುವ ಐಸೊಸಯನೇಟುಗಳು ಶ್ವಾಸಕೋಶಕ್ಕೆ ಕೆಟ್ಟವು. ಮನೆಯ ಕೆಲಸಕ್ಕೆ ಗಾಳಿಯಲ್ಲೇ ಒಣಗುವ, ಏನನ್ನೂ ಬೆರೆಸಬೇಕಾಗಿರದ ಬಣ್ಣವೇ ಸೂಕ್ತ.

ಉಳಿದ ಸಾಮಾನು ಹೆಚ್ಚಿಲ್ಲ. ಒಂದು ಚಿಕ್ಕ ಬಾಟಲಿ ಪ್ರೈಮರ್, ಒಂದು ಬಾಟಲಿ ಕ್ಲಿಯರ್ ಕೋಟ್, ಚಿತ್ರ ಬರೆಯುವವರು ಬಳಸುವ ಅತ್ಯಂತ ಸಣ್ಣ ಬ್ರಷ್, ಹಲ್ಲುಕಡ್ಡಿಗಳು, ಐಸೊಪ್ರೊಪೈಲ್ ಆಲ್ಕೋಹಾಲ್, ಮೈಕ್ರೊಫೈಬರ್ ಬಟ್ಟೆ, 1000, 2000 ಮತ್ತು 3000 ನಂಬರಿನ ವಾಟರ್ ಪೇಪರ್ (ನೀರಿನಲ್ಲಿ ನೆನೆಸಿ ಉಜ್ಜುವ ನುಣುಪಾದ ಉಪ್ಪು ಕಾಗದ), ಸ್ವಲ್ಪ ರಬ್ಬಿಂಗ್ ಕಾಂಪೌಂಡ್ ಸಾಕು. ತುಕ್ಕು ಕಂಡಿದ್ದರೆ ಮಾತ್ರ, ಉಳಿದ ತುಕ್ಕು ಮುಂದೆ ಹರಡದಂತೆ ಮಾಡುವ ರಸ್ಟ್ ಕನ್ವರ್ಟರ್ ಎಂಬ ದ್ರವ ತರಬೇಕು. ಬಣ್ಣದ ಬಾಟಲಿಯೊಡನೆ ಬರುವ ಬ್ರಷ್ ಸಾಸಿವೆಯಷ್ಟು ಚಕ್ಕೆಗೆ ಬಹಳ ದಪ್ಪ. ಅದರಿಂದಲೇ ಹಚ್ಚಿ ಕಾರಿನ ತುಂಬ ಗುಡ್ಡೆ ಗುಡ್ಡೆಯಾಗಿ ಬಣ್ಣ ಕೂತಿರುವುದನ್ನು ನಾವೆಲ್ಲ ನೋಡಿರುತ್ತೇವೆ.

ದಿನವನ್ನು ಆರಿಸುವುದು

ಬಣ್ಣಕ್ಕಿಂತಲೂ ಹೆಚ್ಚು ಜನ ತಪ್ಪು ಮಾಡುವುದು ಇದರಲ್ಲಿ. ಮಳೆಗಾಲದ ತೇವದ ದಿನದಲ್ಲಿ ಹಚ್ಚಿದ ಕ್ಲಿಯರ್ ಕೋಟ್ ಒಣಗುತ್ತಿದ್ದಂತೆ ಹಾಲು ಚೆಲ್ಲಿದ ಹಾಗೆ ಬಿಳಿಚಿಕೊಳ್ಳುವುದುಂಟು. ಬಣ್ಣವನ್ನು ತೆಳುವಾಗಿಸಲು ಅದರಲ್ಲಿ ಬೆರೆಸಿರುವ ಥಿನ್ನರ್ ಆವಿಯಾಗುವಾಗ ಆ ಜಾಗದ ಶಾಖವನ್ನು ಎಳೆದುಕೊಂಡು ಹೋಗುತ್ತದೆ, ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯಲ್ಲಿರುವ ತೇವ ಅದರ ಮೇಲೆ ಇಬ್ಬನಿಯಂತೆ ಕೂತು ಬಣ್ಣದೊಳಗೆ ಸಿಕ್ಕಿಬೀಳುತ್ತದೆ. ಬಿಳಿಚಿಕೊಳ್ಳುವುದು ಈ ಕಾರಣದಿಂದ. ಇದಕ್ಕೆ ವಿರುದ್ಧವಾದ ತೊಂದರೆ ಬೇಸಿಗೆಯದು. ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ನಿಂತ ಕಾರಿನ ಬಾನೆಟ್ಟಿನ ಮೇಲೆ ಅಂಗೈ ಇಡಲೂ ಆಗುವುದಿಲ್ಲ. ಅಂಥ ತಗಡಿನ ಮೇಲೆ ಬಿದ್ದ ಹನಿಯ ಮೇಲ್ಪದರ ತಕ್ಷಣ ಕೆನೆಗಟ್ಟಿ, ಒಳಗಿನ ಥಿನ್ನರ್ ಹೊರಬರಲಾಗದೆ ಗುಳ್ಳೆ ಎಬ್ಬಿಸುತ್ತದೆ. ಒಣ ಹವೆಯಿರುವ ದಿನ, ನೆರಳು, 20ರಿಂದ 30 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು, ಧೂಳೆಬ್ಬಿಸುವ ಗಾಳಿಯಿಲ್ಲದ ಬೆಳಗಿನ ಹೊತ್ತು, ಇವು ಒದಗಿದಾಗ ಕೈಹಾಕಬೇಕು. ಕರಾವಳಿಯವರಿಗೂ ಮಲೆನಾಡಿನವರಿಗೂ ನವೆಂಬರಿನಿಂದ ಫೆಬ್ರವರಿಯವರೆಗಿನ ತಿಂಗಳುಗಳು ಒಳ್ಳೆಯವು. ಮಳೆಗಾಲದ ನಡುವೆಯೇ ತಗಡು ಕಾಣುವಂತೆ ಚಕ್ಕೆ ಎದ್ದರೆ, ಆ ಜಾಗವನ್ನು ಚೆನ್ನಾಗಿ ಒಣಗಿಸಿ, ಸದ್ಯಕ್ಕೆ ಪ್ರೈಮರಿನ ಒಂದು ಹನಿ ಮಾತ್ರ ಇಟ್ಟು, ಉಳಿದದ್ದನ್ನು ಮಳೆ ಕಳೆದ ಮೇಲೆ ಮಾಡಬಹುದು. ಪ್ರೈಮರ್ ತಾನಾಗಿಯೇ ಬಹುಕಾಲ ನೀರನ್ನು ತಡೆಯಲಾರದು, ಆದರೆ ಬರಿಯ ತಗಡಿಗಿಂತ ಅದು ಎಷ್ಟೋ ಮೇಲು.

ತೊಳೆದು ಸಿದ್ಧಪಡಿಸುವುದು

ಕಾರ್ ಶಾಂಪೂ ಹಾಕಿ ಆ ಭಾಗವನ್ನು ತೊಳೆದು ಪೂರ್ತಿ ಒಣಗಿಸಬೇಕು. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಹಿಂದೆ ಹಚ್ಚಿದ ವ್ಯಾಕ್ಸ್ ಪಾಲಿಶಿನ ಜಿಡ್ಡು ಹೋಗುತ್ತದೆ. ಜಿಡ್ಡು ಉಳಿದರೆ ಹೊಸ ಬಣ್ಣ ಕೆಲವೇ ತಿಂಗಳಲ್ಲಿ ಸಿಪ್ಪೆಯಂತೆ ಎದ್ದು ಬರುತ್ತದೆ. ಸೀಮೆಎಣ್ಣೆ, ಪೆಟ್ರೋಲು ಬೇಡ, ಅವು ತಾವೇ ಜಿಡ್ಡನ್ನು ಬಿಟ್ಟುಹೋಗುತ್ತವೆ. ಥಿನ್ನರಿನಿಂದ ಒರೆಸುವುದೂ ಅಪಾಯ: ಹಿಂದೆ ಎಂದಾದರೂ ಆ ಭಾಗಕ್ಕೆ ಗ್ಯಾರೇಜಿನಲ್ಲಿ ಮತ್ತೆ ಬಣ್ಣ ಹೊಡೆಸಿದ್ದರೆ, ಅದರಲ್ಲೂ ಸೆಕೆಂಡ್ ಹ್ಯಾಂಡ್ ಕಾರುಗಳಲ್ಲಿ ಇದು ನಮಗೆ ಗೊತ್ತೇ ಇರುವುದಿಲ್ಲ, ಥಿನ್ನರ್ ಅದನ್ನು ಕರಗಿಸಿಬಿಡಬಹುದು.

ಈಗ ಚಕ್ಕೆಯ ಅಂಚನ್ನು ಹಲ್ಲುಕಡ್ಡಿಯ ತುದಿಯಿಂದ ಸುತ್ತಲೂ ಮೆಲ್ಲನೆ ಮೀಟಿ ನೋಡಬೇಕು. ಸಡಿಲವಾದ ಬಣ್ಣದ ಸಿಪ್ಪೆ ಎದ್ದು ಬಂದರೆ ಬರಲಿ. ಚಕ್ಕೆ ಕೊಂಚ ದೊಡ್ಡದಾಯಿತೆಂದು ಹೆದರಬೇಕಾಗಿಲ್ಲ, ಸಡಿಲವಾದ ಅಂಚಿನ ಮೇಲೆ ಬಣ್ಣ ಹಚ್ಚಿದರೆ ಅದರ ಅಡಿಯಿಂದಲೇ ನೀರು ನುಸುಳುತ್ತದೆ. ತುಕ್ಕು ಇದ್ದರೆ ಅದನ್ನು ಉಜ್ಜಿ ತೆಗೆಯಲು ಸುಲಭದ ದಾರಿಯೊಂದಿದೆ: ಕಾಗದಕ್ಕೆ ತೂತು ಹಾಕುವ ಪಂಚಿಂಗ್ ಮಷೀನಿನಿಂದ 1000 ನಂಬರಿನ ಪೇಪರಿನ ಪುಟ್ಟ ಬಿಲ್ಲೆ ಕತ್ತರಿಸಿ, ಅದನ್ನು ಪೆನ್ಸಿಲ್ಲಿನ ಹಿಂಬದಿಯ ರಬ್ಬರಿಗೆ ಅಂಟಿಸಿ, ಚಕ್ಕೆಯ ಮೇಲೆ ನೇರವಾಗಿ ನಿಲ್ಲಿಸಿ ಎರಡು ಬೆರಳುಗಳ ನಡುವೆ ಮಜ್ಜಿಗೆ ಕಡೆಗೋಲಿನಂತೆ ಹಿಂದಕ್ಕೂ ಮುಂದಕ್ಕೂ ತಿರುಗಿಸಬೇಕು. ಹೀಗೆ ಮಾಡಿದರೆ ಸುತ್ತಲಿನ ಒಳ್ಳೆಯ ಬಣ್ಣಕ್ಕೆ ಹೆಚ್ಚು ಗೀರು ಬೀಳುವುದಿಲ್ಲ. ಕಂದು ಬಣ್ಣ ಪೂರ್ತಿ ಹೋಗಿ ತಗಡು ಹೊಳೆಯುವವರೆಗೆ ಬಿಡಬಾರದು. ತಗಡಿನ ಸೂಕ್ಷ್ಮ ಕುಳಿಗಳಲ್ಲಿ ಕಪ್ಪು ಚುಕ್ಕೆ ಉಳಿದಿದ್ದರೆ ಹಲ್ಲುಕಡ್ಡಿಯಿಂದ ರಸ್ಟ್ ಕನ್ವರ್ಟರ್ ಮುಟ್ಟಿಸಿ, ಬಾಟಲಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಆ ಸೂಚನೆಯಂತೆಯೇ ಮುಂದುವರಿಯಬೇಕು. ಕೊನೆಗೆ ಮತ್ತೊಮ್ಮೆ ಆಲ್ಕೋಹಾಲಿನಿಂದ ಒರೆಸಿದ ಮೇಲೆ ಆ ಜಾಗವನ್ನು ಬೆರಳಿನಿಂದ ಮುಟ್ಟಬಾರದು.

ಹನಿ ಇಡುವುದು

ಬರಿಯ ತಗಡು ಕಾಣುವ ಕಡೆ ಮಾತ್ರ ಪ್ರೈಮರ್ ಬೇಕು. ತಳ ಮುಚ್ಚುವಷ್ಟು ತೆಳುವಾಗಿ ಹಚ್ಚಿ, ಡಬ್ಬಿಯ ಮೇಲೆ ಬೇರೆ ಸೂಚನೆ ಇಲ್ಲದಿದ್ದರೆ ಒಂದೆರಡು ಗಂಟೆ ಒಣಗಲು ಬಿಡಬೇಕು. ಚಕ್ಕೆಯ ತುಂಬ ಪ್ರೈಮರನ್ನೇ ತುಂಬಿಬಿಟ್ಟರೆ ಬಣ್ಣಕ್ಕೆ ಜಾಗವಿರುವುದಿಲ್ಲ.

ಬಣ್ಣದ ಬಾಟಲಿಯನ್ನು ಎರಡು ನಿಮಿಷವಾದರೂ ಬಿಡದೆ ಅಲುಗಾಡಿಸಬೇಕು. ಅದರೊಳಗಿನ ಗುಂಡು ಟಕಟಕ ಸದ್ದು ಮಾಡುತ್ತಿರಬೇಕು. ಸಿಲ್ವರ್, ಗ್ರೇ ಮುಂತಾದ ಮೆಟಾಲಿಕ್ ಬಣ್ಣಗಳಲ್ಲಿ ಅಲ್ಯೂಮಿನಿಯಮ್ಮಿನ ಸೂಕ್ಷ್ಮ ಹಳುಕುಗಳು ತಳಕ್ಕೆ ಇಳಿದು ಕೂತಿರುತ್ತವೆ. ಅಲುಗಾಡಿಸದೆ ಹಚ್ಚಿದರೆ ಸಿಲ್ವರ್ ಬಣ್ಣ ಕೊಚ್ಚೆ ನೀರಿನ ಬಣ್ಣಕ್ಕೆ ಬರುತ್ತದೆ. ಮೊದಲು ಒಂದು ರಟ್ಟಿನ ತುಂಡಿನ ಮೇಲೆ ಹಚ್ಚಿ ಒಣಗಿಸಿ, ಕಾರಿನ ಪಕ್ಕದಲ್ಲಿ ಹಿಡಿದು ನೋಡಬೇಕು. ಹಸಿ ಬಣ್ಣವನ್ನು ನೋಡಿ ತೀರ್ಮಾನಿಸಬಾರದು.

ಹಲ್ಲುಕಡ್ಡಿಯ ತುದಿಯನ್ನು ಬಣ್ಣದಲ್ಲಿ ಅದ್ದಿ, ಬಾಟಲಿಯ ಬಾಯಿಗೆ ಒರೆಸಿ, ತುದಿಯಲ್ಲಿ ರಾಗಿಕಾಳಿಗಿಂತ ಚಿಕ್ಕ ಹನಿ ಮಾತ್ರ ಉಳಿಸಿಕೊಳ್ಳಬೇಕು. ಅದನ್ನು ಚಕ್ಕೆಯ ನಡುವಿಗೆ ತಂದು ಮುಟ್ಟಿಸಿದರೆ ಸಾಕು, ಉಜ್ಜಬಾರದು, ಎಳೆಯಬಾರದು. ಕಣ್ಣನ್ನು ಹತ್ತಿರ ತಂದು ನೋಡಿದರೆ ಹನಿ ಕಡ್ಡಿಯನ್ನು ಬಿಟ್ಟು ಕುಳಿಯೊಳಗೆ ಇಳಿದು, ತಳದಲ್ಲಿ ಹರಡಿ, ಅಂಚನ್ನು ಮುಟ್ಟಿ ನಿಲ್ಲುವುದು ಕಾಣುತ್ತದೆ. ಅಂಚಿನಿಂದ ಹೊರಗೆ ಹರಿದರೆ ಹನಿ ದೊಡ್ಡದಾಯಿತು. ಆಗಲೇ ಒಣ ಬಟ್ಟೆಗೆ ಒಂದಿಷ್ಟು ಆಲ್ಕೋಹಾಲ್ ಹಾಕಿ ಬೆರಳಿಗೆ ಬಿಗಿಯಾಗಿ ಸುತ್ತಿ, ಚಕ್ಕೆಯ ಮೇಲೆ ಒತ್ತದೆ, ಹೊರಗೆ ಹರಿದದ್ದನ್ನು ಮಾತ್ರ ಒರೆಸಿಬಿಡಬೇಕು. ಒಣಗುವಾಗ ಬಣ್ಣ ಕುಗ್ಗುವುದರಿಂದ ಒಂದೇ ಹನಿಗೆ ಕುಳಿ ತುಂಬುವುದಿಲ್ಲ. ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಬಿಟ್ಟು ಎರಡನೆಯದು, ಬೇಕಾದರೆ ಮೂರನೆಯದು. ಕ್ಲಿಯರ್ ಕೋಟ್ ಇರುವ ಕಾರಾದರೆ ಬಣ್ಣವನ್ನು ಸುತ್ತಲಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಕೆಳಗೇ ನಿಲ್ಲಿಸಿ, ಒಂದು ರಾತ್ರಿ ಒಣಗಿಸಿ, ಮರುದಿನ ಅದೇ ರೀತಿ ಕ್ಲಿಯರ್ ಕೋಟಿನ ಹನಿಗಳನ್ನು ಇಡಬೇಕು. ಕೊನೆಯ ಹನಿ ಒಣಗಿದಾಗ ಆ ಜಾಗ ಸುತ್ತಲಿಗಿಂತ ಬಹಳ ಸ್ವಲ್ಪ ಉಬ್ಬಿರಬೇಕು.

ಮೆಟಾಲಿಕ್ ಮತ್ತು ಪರ್ಲ್ ಬಣ್ಣದವರಿಗೆ ಒಂದು ಮಾತನ್ನು ಈಗಲೇ ಹೇಳಬೇಕು. ಸ್ಪ್ರೇ ಮಾಡಿದಾಗ ಆ ಹಳುಕುಗಳು ಮೀನಿನ ಹುರುಪೆಯಂತೆ ಮಟ್ಟಸವಾಗಿ ಮಲಗುತ್ತವೆ. ಹನಿಯಾಗಿ ಇಟ್ಟಾಗ ಅಡ್ಡಾದಿಡ್ಡಿಯಾಗಿ ನಿಂತು ಬೆಳಕನ್ನು ಚೆದುರಿಸುತ್ತವೆ. ಆದ್ದರಿಂದ ಸಂಕೇತ ಸರಿಯಾಗಿದ್ದರೂ ಆ ಚುಕ್ಕೆ ಒಂದು ಕೋನದಿಂದ ಸ್ವಲ್ಪ ಕಪ್ಪಾಗಿ ಕಾಣುತ್ತದೆ. ಇದು ಕೈತಪ್ಪಲ್ಲ, ಬಣ್ಣವನ್ನು ಬದಲಾಯಿಸಿ ಮತ್ತೆ ಹಚ್ಚುವುದರಿಂದ ಹೋಗುವಂಥದ್ದೂ ಅಲ್ಲ. ಸಾದಾ ಬಿಳಿ, ಕಪ್ಪು, ಕೆಂಪು ಬಣ್ಣದವರಿಗೆ ಈ ತೊಡಕಿಲ್ಲ.

ಮಟ್ಟ ಮಾಡುವುದು

ಇಲ್ಲಿಗೆ ನಿಲ್ಲಿಸಿದರೂ ನೀರು ತಡೆಯುವ ಕೆಲಸ ಮುಗಿದಿದೆ. ಉಬ್ಬನ್ನು ಮಟ್ಟ ಮಾಡುವುದು ಕೇವಲ ಅಂದದ ಕೆಲಸ, ಮತ್ತು ಇಡೀ ದುರಸ್ತಿಯಲ್ಲಿ ಕಾರಿಗೆ ಹಾನಿ ಮಾಡಬಲ್ಲ ಹಂತ ಇದೊಂದೇ. ಧೈರ್ಯವಿಲ್ಲದವರು ಬಿಟ್ಟುಬಿಡುವುದೇ ಸರಿ ಎಂದು ನಾನು ಖಚಿತವಾಗಿ ಹೇಳುತ್ತೇನೆ. ಮಾಡುವುದಾದರೆ ಒಂದು ವಾರವಾದರೂ ಕಾಯಬೇಕು. ಮೇಲೆ ಒಣಗಿದಂತೆ ಕಂಡ ಬಣ್ಣ ಒಳಗೆ ಮೆತ್ತಗಿದ್ದರೆ ಉಜ್ಜಿದಾಗ ಇಡೀ ಹನಿಯೇ ಕಿತ್ತು ಬರುತ್ತದೆ.

2000 ನಂಬರಿನ ವಾಟರ್ ಪೇಪರನ್ನು ಹತ್ತು ನಿಮಿಷ ಸೋಪು ನೀರಿನಲ್ಲಿ ನೆನೆಹಾಕಿ, ಮಕ್ಕಳ ಪೆನ್ಸಿಲ್ ರಬ್ಬರಿನ ಒಂದು ತುದಿಗೆ ಸುತ್ತಿ, ಉಬ್ಬಿನ ಮೇಲಷ್ಟೇ ಹಗುರವಾಗಿ ಆಡಿಸಬೇಕು. ನಾಲ್ಕೈದು ಸಲ ಆಡಿಸಿದೊಡನೆ ಒರೆಸಿ ನೋಡಬೇಕು. ಉಬ್ಬಿನ ಮೇಲ್ಭಾಗ ಮಂಕಾಗಿ ಸುತ್ತಲಿನದು ಹೊಳೆಯುತ್ತಿದ್ದರೆ ಇನ್ನೂ ಉಬ್ಬು ಉಳಿದಿದೆ. ಎರಡೂ ಮಂಕಾದ ಕ್ಷಣವೇ ನಿಲ್ಲಿಸಬೇಕು. ಅಲ್ಲಿ ಕ್ಲಿಯರ್ ಕೋಟಿನ ದಪ್ಪ ಕೂದಲೆಳೆಗಿಂತಲೂ ಕಡಿಮೆ ಎಂಬುದು ನೆನಪಿರಲಿ. ಬಾನೆಟ್ಟಿನ ಏಣುಗಳ ಮೇಲೆ ಮತ್ತು ಬಾಗಿಲಿನ ಅಂಚುಗಳಲ್ಲಿ ಪೇಪರ್ ಆಡಿಸಲೇಬಾರದು, ಅಂಥ ಕಡೆಗಳಲ್ಲಿ ಬಣ್ಣ ಬೇಗ ಸವೆಯುತ್ತದೆ. ಆಮೇಲೆ 3000 ನಂಬರಿನ ಪೇಪರ್, ಅದಾದ ಮೇಲೆ ಮೈಕ್ರೊಫೈಬರ್ ಬಟ್ಟೆಗೆ ಕಡಲೆಯಷ್ಟು ರಬ್ಬಿಂಗ್ ಕಾಂಪೌಂಡ್ ಹಾಕಿಕೊಂಡು ಕೈಯಿಂದ ಸುತ್ತು ಸುತ್ತಾಗಿ ಉಜ್ಜಿದರೆ ಮಂಕು ಕಳೆದು ಹೊಳಪು ಮರಳುತ್ತದೆ. ವ್ಯಾಕ್ಸ್ ಪಾಲಿಶನ್ನು ಒಂದು ತಿಂಗಳ ಮೇಲೆ ಹಚ್ಚಿದರೆ ಸಾಕು, ಅಷ್ಟರೊಳಗೆ ಹಚ್ಚಿದರೆ ಬಣ್ಣದಲ್ಲಿ ಉಳಿದ ಥಿನ್ನರ್ ಹೊರಬರಲು ತಡೆಯಾಗುತ್ತದೆ.

ಮನೆಯಲ್ಲಿ ಕೈಗೆ ಸಿಕ್ಕಿದ್ದನ್ನು ಹಚ್ಚುವ ಅಭ್ಯಾಸದ ಬಗ್ಗೆಯೂ ಹೇಳಬೇಕು. ನೇಲ್ ಪಾಲಿಶ್ ಬಿಸಿಲಿಗೆ ಹಳದಿ ತಿರುಗಿ ಸೀಳುತ್ತದೆ. ಕಿಟಕಿ ಸರಳಿಗೆ ಹಚ್ಚುವ ಎನಾಮಲ್ ಬಣ್ಣ ತುಂಬಾ ನಿಧಾನವಾಗಿ ಒಣಗಿ, ಅಷ್ಟರಲ್ಲಿ ಬೀದಿಯ ಧೂಳನ್ನೆಲ್ಲ ಅಂಟಿಸಿಕೊಳ್ಳುತ್ತದೆ. ಟೂತ್‌ಪೇಸ್ಟ್ ಮೇಲ್ಪದರದ ಸಣ್ಣ ಗೀರನ್ನು ಮಸುಕು ಮಾಡಬಲ್ಲದೇ ಹೊರತು ಬಣ್ಣ ಹೋದ ಕುಳಿಯನ್ನು ತುಂಬಲಾರದು. ಈ ಮೂರೂ ತಗಡನ್ನು ಕಾಯುವುದಿಲ್ಲ, ಮುಂದೆ ಸರಿಯಾದ ಬಣ್ಣ ಹಚ್ಚಲು ಹೊರಟಾಗ ಮೊದಲು ಅವನ್ನೇ ಕೆರೆದು ತೆಗೆಯಬೇಕಾಗುತ್ತದೆ.

ಆಲ್ಕೋಹಾಲ್, ಥಿನ್ನರ್, ಬಣ್ಣ ಎಲ್ಲವೂ ಬೇಗ ಬೆಂಕಿ ಹತ್ತುವ ವಸ್ತುಗಳಾದ್ದರಿಂದ ಹತ್ತಿರ ಒಲೆ, ಊದುಬತ್ತಿ, ಬೀಡಿ ಯಾವುದೂ ಇರಬಾರದು. ಬಾಗಿಲು ಮುಚ್ಚಿದ ಶೆಡ್ಡಿನೊಳಗೆ ಈ ಕೆಲಸ ಮಾಡಬಾರದು. ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯದೆ ಹೊರಗೆ ಹರವಿ ಒಣಗಿಸಬೇಕು. ಉಳಿದ ಬಣ್ಣದ ಬಾಟಲಿಯ ಬಾಯನ್ನು ಚೆನ್ನಾಗಿ ಒರೆಸಿ, ಮುಚ್ಚಳ ಬಿಗಿದು, ಮೇಲೆ ಬಣ್ಣದ ಸಂಕೇತವನ್ನೂ ಕೊಂಡ ದಿನಾಂಕವನ್ನೂ ಬರೆದು, ಮಕ್ಕಳ ಕೈಗೆ ಸಿಗದ ತಂಪಾದ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಬೇಕು. ಪ್ರತಿ ವರ್ಷ ಮೇ ತಿಂಗಳಲ್ಲಿ, ಮೊದಲ ಮಳೆಗೆ ಮುಂಚೆ, ಬಾನೆಟ್ಟಿನ ಮುಂದಿನ ಅಂಚು, ಮುಂಗಾಜಿನ ಮೇಲಿನ ಛಾವಣಿ, ಬಾಗಿಲುಗಳ ಅಂಚು, ಚಕ್ರದ ಮೇಲಿನ ಕಮಾನು, ಈ ನಾಲ್ಕು ಕಡೆ ಬೆರಳಾಡಿಸಿ ನೋಡಿದರೆ ಆ ಬಾಟಲಿ ಮತ್ತೆ ಯಾವಾಗ ಬೇಕೆಂಬುದು ತಿಳಿಯುತ್ತದೆ.